ತಿರುಗಲ್ಲ ಸಾರ್

ಇದನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ, ಮುಂದಕ್ಕೆ ಹಾಕುತ್ತಲೇ ಬಂದೆ. ನಿವೃತ್ತನಾದ ಹೊಸದರಲ್ಲಿ ಮಂಡಿನೋವಿನ ನೆಪ ಇತ್ತು. ಆಮೇಲೆ ಮನೆಗೆ ಸುಣ್ಣ ಹೊಡೆಸುವ ನೆಪ. ಸುಣ್ಣವೂ ಆಯಿತು, ಮಂಡಿಯೂ ಸುಮಾರಾಗಿ ಸರಿಹೋಯಿತು. ಬಸ್ಸು ಸ್ಟಾರ್ಟ್ ಆಗದಿದ್ದರೆ ಇಳಿದು ತಳ್ಳುವವರು ಸಿಗುತ್ತಾರೆ. ಬಾಯಿ ಸ್ಟಾರ್ಟ್ ಆಗದಿದ್ದರೆ ತಳ್ಳುವವರು ಯಾರು?

ಮೊನ್ನೆ ನನ್ನ ತಂಗಿಯ ಮಗ ಡ್ರೈವರ್ ಕೆಲಸಕ್ಕೆ ಸೇರಿದ. ಸಿಹಿ ಕೊಡಲು ಬಂದವನು, “ಮಾವ, ನೀವು ಇಷ್ಟು ವರ್ಷ ಸರ್ವೀಸ್ ಮಾಡಿದ್ದೀರ, ಮುಖ್ಯವಾದ್ದು ಒಂದು ಮಾತು ಹೇಳಿ” ಅಂದ. ಟಯರಿನ ಗಾಳಿ, ಬ್ರೇಕು, ಕಣ್ಣಿನ ಪರೀಕ್ಷೆ ಅಂತ ಏನೇನೋ ಹೇಳಿ ಕಳಿಸಿದೆ. ಮುಖ್ಯವಾದ್ದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿರುವುದು ಎಸ್ಸೆಸ್ಸೆಲ್ಸಿ, ತಪ್ಪಿದ್ದರೆ ಹೊಂದಿಸಿಕೊಳ್ಳಿ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಸರ್ಕಾರಿ ಬಸ್ಸು ಓಡಿಸಿದವನು. ಅಪಘಾತ ಮಾಡಿಲ್ಲ ಅಂತ ಮೆಡಲ್ ಕೊಟ್ಟಿದ್ದಾರೆ. ಅದು ನಿಜ, ಯಾರನ್ನೂ ಗುದ್ದಿಲ್ಲ. ಆದರೆ ಒಂದು ಊರಿಗೆ ಬರಬೇಕಾಗಿದ್ದ ಬಸ್ಸನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದೆ. ಅದಕ್ಕೆ ಕಲ್ಲು ಅಡ್ಡ ಇಡಲಿಲ್ಲ, ಮರ ಕಡಿದು ಉರುಳಿಸಲಿಲ್ಲ. ಎರಡೇ ಮಾತು ಸಾಕಾಯಿತು: “ತಿರುಗಲ್ಲ ಸಾರ್.”

ಹೊಸಬರಿಗೆ ಮೊದಲು ಒಂದು ವಿಷಯ ಗೊತ್ತಿರಬೇಕು. ಬಸ್ಸನ್ನು ಮುಂದಕ್ಕೆ ಎಲ್ಲರೂ ಓಡಿಸುತ್ತಾರೆ. ಹಳ್ಳಿಯ ಕೊನೆಗೆ ಹೋಗಿ, ಕೋಳಿ, ಕುರಿ, ಒರಳುಕಲ್ಲು, ಮಂಚದ ಮೇಲೆ ಮಲಗಿದ ಮುದುಕ ಇವರೆಲ್ಲರ ಮಧ್ಯೆ ಬಸ್ಸನ್ನು ಹಿಂದಕ್ಕೆ ತೆಗೆದು ತಿರುಗಿಸಿಕೊಂಡು ಬರುತ್ತಾನಲ್ಲ, ಅವನು ಡ್ರೈವರ್. ಈಗ ಕೆಲವು ಬಸ್ಸುಗಳ ಹಿಂದೆ ಕ್ಯಾಮೆರಾ ಇದೆಯಂತೆ. ನಮ್ಮ ಕಾಲಕ್ಕೆ ಕ್ಯಾಮೆರಾ ಅಂದರೆ ಕಂಡಕ್ಟರ್. ನನ್ನ ಕಂಡಕ್ಟರ್ ಇಮಾಮ್, ಸಿರಾದವನು. ಬಸ್ಸು ಹಿಂದಕ್ಕೆ ಬರುವಾಗ ಅವನು ಹಿಂದೆ ನಿಲ್ಲುತ್ತಿದ್ದ. ನಮ್ಮಿಬ್ಬರ ಒಪ್ಪಂದ ಸರಳ. ವಿಷಲ್ ಊದಿದರೆ ನಿಲ್ಲಿಸು, ಊದದಿದ್ದರೆ ಬಾ. ಇಮಾಮ್ ಒಳ್ಳೆಯವನು, ಆದರೆ ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡದೆ ಇರಲಾರ. ಉತ್ತರ ಕೊಡಲು ವಿಷಲ್ ಬಾಯಿಂದ ತೆಗೆಯಬೇಕಲ್ಲ.

ಕೊರಟಗೆರೆಯ ಕಡೆ, ಕೊಳಾಲದ ಆಸುಪಾಸಿನಲ್ಲಿ, ದೊಡ್ಡ ರಸ್ತೆಯಿಂದ ಒಳಕ್ಕೆ ಒಂದು ಹಳ್ಳಿ. ಬೋರನಕುಂಟೆ ಅಂತ ಇಟ್ಟುಕೊಳ್ಳಿ. ಅಲ್ಲಿ ಮನೆಮನೆಗೂ ಕನಕಾಂಬರ ಬೆಳೆಯುತ್ತಾರೆ. ಆ ಊರಿನ ಒಬ್ಬ ಹೆಣ್ಣುಮಗಳು ದಿನಾ ಮುಂಜಾನೆ ಹೂವಿನ ಬುಟ್ಟಿ ತಲೆ ಮೇಲಿಟ್ಟುಕೊಂಡು ದೊಡ್ಡ ರಸ್ತೆಗೆ ನಡೆದು ಬಂದು, ಸಿಕ್ಕಿದ ಬಸ್ಸು ಹತ್ತಿ ಮಧುಗಿರಿಗೆ ಹೋಗಿ ದೇವಸ್ಥಾನದ ಮುಂದೆ ಮಾರುತ್ತಿದ್ದಳು. ಊರಿನವರು ಹೂವಕ್ಕ ಅನ್ನುತ್ತಿದ್ದರು. ಸದ್ಯಕ್ಕೆ ನಾನೂ ಹಾಗೇ ಅನ್ನುತ್ತೇನೆ.

ದೇವಸ್ಥಾನದ ಮುಂದೆ ಹೂ ಮಾರುವವರಲ್ಲಿ ಒಂದು ಕಟ್ಟಳೆ ಇತ್ತು. ಮೊದಲು ಬಂದವರು ಬಾಗಿಲ ಪಕ್ಕ, ಕೊನೆಗೆ ಬಂದವರು ಚಪ್ಪಲಿ ಬಿಡುವ ಜಾಗದ ಪಕ್ಕ. ಜಗಳ ಇಲ್ಲ, ವಾದ ಇಲ್ಲ. ನಡೆದು ಬರುವ ಹೂವಕ್ಕ ಯಾವಾಗಲೂ ಕೊನೆ. ಚಪ್ಪಲಿ ಬಿಡುತ್ತಾ ಯಾರು ದೇವರಿಗೆ ಹೂ ಕೊಳ್ಳುತ್ತಾರೆ? “ನಮ್ಮೂರಿಗೇ ಬಸ್ಸು ಬಂದ್ರೆ ಮೊದ್ಲು ಹೋಗಿ ಬಾಗ್ಲ ಪಕ್ಕ ಕೂತ್ಕತೀನಿ. ಸಾಯೋದ್ರೊಳಗೆ ಅಷ್ಟಾದ್ರೆ ಸಾಕು” ಅಂತ ಆಕೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಆಕೆ ಕೇಳಿದ್ದು ಅಷ್ಟೇ.

ಆಕೆ ಡಿಪೋಗೆ ಓಡಾಡಿ ಓಡಾಡಿ, ಕೊನೆಗೆ ಒಂದು ದಿನ ಪರೀಕ್ಷೆಗೆಂದು ಬೋರನಕುಂಟೆಗೆ ಬಸ್ಸು ಹೊರಟಿತು. ಡ್ರೈವರ್ ನಾನು, ಕಂಡಕ್ಟರ್ ಇಮಾಮ್, ಹಿಂದಿನ ಸೀಟಿನಲ್ಲಿ ಆಗಿನ ಮ್ಯಾನೇಜರ್ ಸಾಹೇಬರು. ಊರಿನವರು ಮಾವಿನ ತೋರಣ ಕಟ್ಟಿದ್ದರು. ನಾನು ಊರ ನಡುವಿನ ಬಯಲಿಗೆ ಹೋಗಿ, ಕನ್ನಡಿಯಲ್ಲಿ ಮೀಸೆ ನೋಡಿಕೊಂಡು, ರಿವರ್ಸ್ ಗೇರ್ ಹಾಕಿದೆ. ಇಮಾಮ್ ಹಿಂದೆ ಹೋಗಿ ನಿಂತ. ಅದೇ ಹೊತ್ತಿಗೆ ಯಾರೋ ಅವನನ್ನು, “ಸಾಬ್ರೇ, ಮೇಕೆಗೆ ಅರ್ಧ ಟಿಕೀಟಾ, ಪೂರ್ತಿ ಟಿಕೀಟಾ?” ಅಂತ ಕೇಳಿದರು. ಇಮಾಮ್ ವಿಷಲ್ ತೆಗೆದು ಮೇಕೆಯ ಕಾನೂನು ವಿವರಿಸತೊಡಗಿದ. ಊದಿದ್ದು ಕೇಳಲಿಲ್ಲ, ಅಂದರೆ ಬಾ ಅಂತ ಅರ್ಥ. ನಾನು ಬಂದೆ.

ಹೂವಕ್ಕ ಜಗುಲಿಯಿಂದ ಕೂಗಿದಳು: “ಅಣ್ಣಾ, ಸಾಕು, ನಿಲ್ಸು! ಹಿಂದೆ ತಿಪ್ಪೆಗುಂಡಿ ಐತೆ!”

ನಾನು ತಲೆ ಹೊರಗೆ ಹಾಕಿ, “ಏನಮ್ಮ, ಬಸ್ಸು ಓಡ್ಸೋದು ನೀನು ಹೇಳ್ಕೊಡ್ತೀಯಾ? ಹೋಗು, ಹೂ ಕಟ್ಟೋಗು” ಅಂದೆ.

“ಕಟ್ತೀನಪ್ಪ. ನೀನು ಬೀಳೋದು ಒಂಚೂರು ನೋಡ್ಕಂಡು ಆಮೇಕೆ ಕಟ್ತೀನಿ.”

ಬಸ್ಸು ನಿಧಾನವಾಗಿ, ಎಮ್ಮೆ ನೀರಿಗಿಳಿದು ಕೂರುವ ಹಾಗೆ, ಹಿಂದಿನಿಂದ ಕೂತಿತು. ಮುಂದಿನ ಚಕ್ರ ಎದ್ದಿತು. ನಾನು ಸ್ಟಿಯರಿಂಗ್ ಹಿಡಿದು ಆಕಾಶ ನೋಡುತ್ತಿದ್ದೆ. ಸಾಹೇಬರು ಗಾಬರಿಯಿಂದ ಹಿಂದಿನ ಬಾಗಿಲಲ್ಲಿ ಇಳಿದರು. ನೇರ ತಿಪ್ಪೆಗೆ, ಮಂಡಿಯ ತನಕ.

ಮೊದಲು ನಕ್ಕವಳು ಹೂವಕ್ಕ. ಆಕೆಯ ನಗು ದೊಡ್ಡದು, ಮುಚ್ಚುಮರೆ ಇಲ್ಲದ್ದು. ಆಮೇಲೆ ಊರೇ ನಕ್ಕಿತು. ಬಸ್ಸಿಗೆ ಹಗ್ಗ ಕಟ್ಟಿ ಎತ್ತುಗಳಿಂದ ಎಳೆಸಿದರು. ಒಬ್ಬ ಮುದುಕ ಬಾಯಿ ಬಿಟ್ಟುಕೊಂಡು ನೋಡಿ, “ಬಸ್ಸು ಬಂದ್ರೆ ಎತ್ತಿಗೆ ಬುಡುವು ಅಂದಿದ್ರು. ಈಗ ನೋಡಿದ್ರೆ ಬಸ್ಸೂ ಎತ್ತೇ ಎಳೀಬೇಕಲ್ಲಪ್ಪ” ಅಂದ.

ವಾಪಸ್ ಬರುವಾಗ ಸಾಹೇಬರು ಪ್ಯಾಂಟು ಮಡಿಸಿಕೊಂಡು ನನ್ನ ಪಕ್ಕದ ಸೀಟಿಗೆ ಬಂದರು. ಮೂಗು ಮುಚ್ಚಿಕೊಂಡು ನಾನು ಗಾಡಿ ಓಡಿಸಿದೆ. “ಹನುಮಂತಪ್ಪ, ನಿಜ ಹೇಳಿ, ಅಲ್ಲಿ ಬಸ್ಸು ತಿರುಗ್ತದೇನ್ರೀ?” ಅಂದರು.

ಒಂದು ಮಾರು ಮೊದಲೇ ನಿಲ್ಲಿಸಿದ್ದರೆ ಸುಖವಾಗಿ ತಿರುಗುತ್ತಿತ್ತು. ನನಗೆ ಗೊತ್ತಿತ್ತು. ಕಿವಿಯಲ್ಲಿ ಆ ನಗು ಇನ್ನೂ ಇತ್ತು.

“ತಿರುಗಲ್ಲ ಸಾರ್” ಅಂದೆ.

ಮಾರನೆಯ ವಾರ ಹೂವಕ್ಕ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬಸ್ಸಿನ ಹತ್ತಿರ ಬಂದಳು. ಒಳಗಿನ ದೇವರ ಪಟಕ್ಕೆ ಒಂದು ಮೊಳ ಹೂ ಹಾಕಿ, “ಯಾಕಣ್ಣ ತಿರುಗಲ್ಲ?” ಅಂದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಡಾಕ್ಟರನ್ನು ಯಾಕೆ ಜ್ವರ ಇಳಿದಿಲ್ಲ ಅಂತ ಕೇಳುವ ಹಾಗೆ.

“ತಿಪ್ಪೆ ಐತಲ್ಲಮ್ಮ.”

“ತಿಪ್ಪೆ ಎತ್ತಿದ್ರೆ ತಿರುಗ್ತದಾ?”

ತಿಪ್ಪೆ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದು ತಿಮ್ಮೇಗೌಡ ಎಂಬುವರ ಅಜ್ಜನ ಕಾಲದ ತಿಪ್ಪೆ. ದೀಪಾವಳಿಯಲ್ಲಿ ಅದರ ಮೇಲೆ ದೀಪ ಇಡುತ್ತಿದ್ದರು. ಆದ್ದರಿಂದ ಧೈರ್ಯವಾಗಿ, “ಖಂಡಿತ ತಿರುಗ್ತದೆ” ಅಂದುಬಿಟ್ಟೆ.

ಆಮೇಲೆ ನಡೆದದ್ದನ್ನು ಇಮಾಮ್ ಬಂದು ಹೇಳಿದ. ಗೌಡರು, “ತಿಪ್ಪೆ ಕಿತ್ರೆ ಮನೆ ಲಕ್ಷ್ಮಿ ಎದ್ದೋಗ್ತಾಳೆ ಕಣಮ್ಮ” ಅಂದರಂತೆ. ಅದಕ್ಕೆ ಹೂವಕ್ಕ, “ಗೌಡ್ರೇ, ಲಕ್ಷ್ಮಿ ಬರೋಕೂ ಒಂದು ಬಸ್ಸು ಬ್ಯಾಡ್ವಾ? ಪಾಪ, ಆ ತಾಯಿ ದೊಡ್ಡ ರಸ್ತೆಯಿಂದ ನಡ್ಕಂಡೇ ಬರ್ಬೇಕಾ?” ಅಂದಳಂತೆ. ಗೌಡರು ಯೋಚನೆ ಮಾಡಿ ಒಪ್ಪಿದರು. ಆದರೆ ತಮ್ಮ ಮನೆಯವರು ಮುಟ್ಟುವುದಿಲ್ಲ ಅಂದರು. ಬೆಳಿಗ್ಗೆ ಹೂವಿನ ಬುಟ್ಟಿ ಹೊತ್ತ ತಲೆ ಮಧ್ಯಾಹ್ನ ಗೊಬ್ಬರದ ಮಂಕರಿ ಹೊತ್ತಿತು. ಇಡೀ ತಿಪ್ಪೆಯನ್ನು ಆಕೆ ಊರಾಚೆಗೆ ಸಾಗಿಸಿ ಗುಂಡಿಗೆ ಮಣ್ಣು ತುಂಬಿಸಿದಳು.

ಅಷ್ಟರಲ್ಲಿ ಮ್ಯಾನೇಜರ್ ಬದಲಾಗಿದ್ದರು. ಹೊಸಬರನ್ನು ನಾವು ನಿಂಬೆಹಣ್ಣಿನ ಸಾಹೇಬರು ಅನ್ನುತ್ತಿದ್ದೆವು. ಎಲ್ಲಿಗೆ ಹೊರಟರೂ ಚಕ್ರಕ್ಕೆ ನಿಂಬೆಹಣ್ಣು ಇಡಿಸಿ, ಪಂಚಾಂಗ ನೋಡಿ ಕ್ಲಚ್ ಬಿಡಿಸುತ್ತಿದ್ದರು. ಬೋರನಕುಂಟೆಯ ಅರ್ಜಿ ಮತ್ತೆ ಬಂದಾಗ, “ಆ ಊರಿಗೆ ಹೋಗಿ ಬಂದ ಅನುಭವಸ್ಥರು ಯಾರಿದ್ದಾರೆ?” ಅಂತ ಕೇಳಿದರು. ತಿಪ್ಪೆಗೆ ಬಿದ್ದವನು ನಾನೊಬ್ಬನೇ. ಅಲ್ಲಿಂದ ಮುಂದೆ ಆ ಊರಿನ ವಿಷಯಕ್ಕೆ ನಾನೇ ಪಂಡಿತ.

ಹೋದೆವು. ಬಯಲು ಮಟ್ಟಸವಾಗಿತ್ತು. ನಾನು ಸುತ್ತ ನೋಡಿದೆ. ಒಂದು ಮೂಲೆಯಲ್ಲಿ ರಾಗಿ ಹುಲ್ಲಿನ ಬಣವೆ ಕಂಡಿತು. “ಸಾರ್, ಬಣವೆ. ಸೈಲೆನ್ಸರ್ ಕಿಡಿ ಹಾರಿದ್ರೆ ಊರೇ ಹೊತ್ಕೊಳ್ತದೆ” ಅಂದೆ. ಸಾಹೇಬರಿಗೆ ಆ ವರ್ಷ ಬೆಂಕಿಯಿಂದ ಕಂಟಕ ಅಂತ ಜ್ಯೋತಿಷಿ ಹೇಳಿದ್ದನಂತೆ. ಬಸ್ಸಿನಿಂದ ಕೆಳಗೇ ಇಳಿಯಲಿಲ್ಲ.

ಹೂವಕ್ಕ ಬಣವೆ ಸರಿಸಿದಳು. ಮುಂದಿನ ಸಲ ನಾನು ದನ ನೀರು ಕುಡಿಯುವ ಕಲ್ಲುಬಾನಿ ತೋರಿಸಿದೆ. ಊರಿನವರೆಲ್ಲ ಸೇರಿ ಹಾರೆ ಹಾಕಿ ಅದನ್ನು ಉರುಳಿಸಿದರು. ಅದರ ಮುಂದಿನ ಸಲ ನನಗೆ ತೋರಿಸಲು ಏನೂ ಸಿಗಲಿಲ್ಲ. ಹುಡುಕಿ ಹುಡುಕಿ, ಬಯಲಿನ ಅಂಚಿನ ಒಂದು ಹಿತ್ತಿಲ ಗೋಡೆ ತೋರಿಸಿದೆ. ಅದು ಹೂವಕ್ಕನ ಗೋಡೆ ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ತೋರಿಸುತ್ತಿದ್ದೆನೇನೋ. ಆಕೆ ಗೋಡೆ ಕೆಡವಿದಳು. ಗೋಡೆಯ ಹಿಂದಿದ್ದ ಕನಕಾಂಬರದ ಮಡಿಯನ್ನೂ ಅರ್ಧ ತುಳಿಸಿ ಬಯಲು ಮಾಡಿದಳು.

ಆ ದಿನ ಸಿರಾದ ಹೋಟೆಲಿನಲ್ಲಿ ಇಮಾಮ್ ಚಹಾ ಮುಟ್ಟಲಿಲ್ಲ. “ಹನುಮಂತಣ್ಣ, ಎಷ್ಟು ದಿನ, ಯಾರ್, ಈ ತಮಾಷಾ? ಹೂವು ಮಾರಾಕೆ ಬಸ್ಸು ಬೇಕು ಅಂದ್ಳು, ಬಸ್ಸಿಗೋಸ್ಕರ ಹೂವಿನ ಗಿಡಾನೇ ಕಿತ್ತಾಕಿಸ್ದೆ. ಅಲ್ಲಿ ಬಸ್ಸು ತಿರುಗ್ತದೆ ಅಂತ ನಂಗೊತ್ತು, ನಿಂಗೊತ್ತು, ಬಸ್ಸಿಗೂ ಗೊತ್ತು.”

“ಅವಳು ನಗಬಾರದಾಗಿತ್ತು ಇಮಾಮ್.”

“ನಾನೂ ನಕ್ಕಿದ್ದೆ.”

“ನೀನು ಹಿಂದೆ ನಿಂತು ನಕ್ಕೆ. ನಾನು ನೋಡಲಿಲ್ಲ.”

“ಅಂಗಾದ್ರೆ ಈಗ ನೋಡು” ಅಂತ ಅವನು ನನ್ನ ಮುಖಕ್ಕೇ ಗಹಗಹಿಸಿ ನಕ್ಕ. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಅವನ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಹಾಗಾದರೆ ಆಕೆಯ ಮೇಲೆ ಯಾಕೆ ಬಂದಿತ್ತು? ಈಗ ಯೋಚಿಸಿದರೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಮಧ್ಯದಲ್ಲಿ ನನ್ನನ್ನು ಪಾವಗಡದ ರೂಟಿಗೆ ಹಾಕಿದರು. ತಿರುಮಣಿಯ ಕಡೆ, ಸೋಲಾರ್ ಹಲಗೆಗಳು ಕಣ್ಣು ಕುಕ್ಕುವ ಬಯಲು ದಾಟಿದ ಮೇಲೆ, ಒಂದು ಕೆರೆ ಏರಿಯ ಮೇಲೆ ಕಿರಿದಾದ ರಸ್ತೆ. ಏರಿಯ ಕೊನೆ ಮುಟ್ಟುವಷ್ಟರಲ್ಲಿ ಎದುರಿಗೆ ಮದುವೆ ಮೆರವಣಿಗೆ ಬಂತು. ತಮಟೆ, ಓಲಗ, ಕುದುರೆಯ ಮೇಲೆ ಮದುಮಗ. ನಾನು ಹಾರನ್ ಹೊಡೆದೆ. ಒಬ್ಬ ಯಜಮಾನರು ಬಂದು ಸಮಾಧಾನವಾಗಿ ತೆಲುಗಿನಲ್ಲಿ, “ಬಸ್ಸು ಎನಕ್ಕಿ ಪೋತುಂದಿ ಸಾಮಿ, ಪೆಳ್ಳಿ ಎನಕ್ಕಿ ಪೋದು” ಅಂದರು. ಬಸ್ಸು ಹಿಂದಕ್ಕೆ ಹೋಗುತ್ತದೆ, ಮದುವೆ ಹಿಂದಕ್ಕೆ ಹೋಗುವುದಿಲ್ಲ. ರಿವರ್ಸ್ ಗೇರ್ ಹಾಕಿದೆ.

ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಇಡೀ ಏರಿಯ ಉದ್ದಕ್ಕೂ ನಾನು ಬಸ್ಸನ್ನು ಹಿಂದಕ್ಕೆ ತಂದೆ. ಮೆರವಣಿಗೆ ನನ್ನ ಮುಂದೆ ಮುಂದೆಯೇ ಬಂತು, ಕುದುರೆಯ ಮೂತಿ ಗಾಜಿಗೆ ತಾಗುವಷ್ಟು ಹತ್ತಿರ. ತಮಟೆಯವರು ನನ್ನ ಗೇರಿಗೆ ತಾಳ ಹಾಕಿದರು. ಏರಿ ಮುಗಿದಾಗ ಮದುವೆಯವರು ನನಗೂ ಒಂದು ಹಾರ ಹಾಕಿ, ಮದುಮಗನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಆ ಸುದ್ದಿ ಮೊಬೈಲಿನಲ್ಲಿ ನಾಲ್ಕು ತಾಲ್ಲೂಕು ಸುತ್ತಿತು.

ಬೋರನಕುಂಟೆಯಲ್ಲಿ ಆ ಫೋಟೋ ನೋಡಿದ ಒಬ್ಬರು, “ಏನಕ್ಕ, ಕೆರೆ ಏರಿ ಮೇಲೆ ರಿವರ್ಸ್ ಬಂದೋನಿಗೆ ನಮ್ಮೂರ್ನಾಗೆ ತಿರುಗ್ಸೋಕಾಗಲ್ವಂತಾ? ಸುಳ್ಳೇಳ್ತಾವ್ನೆ ಕಣಕ್ಕ” ಅಂದರಂತೆ. ಆಗ ನಾನು ಸಿಕ್ಕಿಬೀಳಬೇಕಿತ್ತು. ಹೂವಕ್ಕ ಏನಂದಳು ಗೊತ್ತೇ? “ಲೇ, ಅಂಥಾ ಡ್ರೈವರ್ರಿಗೇ ತಿರುಗ್ಸೋಕಾಗ್ತಿಲ್ಲ ಅಂದ್ಮೇಲೆ ತಪ್ಪು ನಮ್ಮೂರ್ದೇ ಕಣ್ಲಾ. ಇನ್ನೂ ಎಲ್ಲೋ ಏನೋ ಅಡ್ಡ ಐತೆ. ಹುಡುಕ್ಬೇಕು.”

ಹುಡುಕಲು ಆಕೆ ಕಂಡುಕೊಂಡ ದಾರಿಯನ್ನು ಬೇರೆ ಯಾರೂ ಕಾಣುತ್ತಿರಲಿಲ್ಲ. ಒಂದು ದಿನ ನನ್ನ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಆಕೆ ಹೂವಿನ ದಾರ ಹಿಡಿದು ಬಸ್ಸಿನ ಪಕ್ಕದಲ್ಲಿ ಮೊಳ ಹಾಕುತ್ತಾ ಹೋಗುತ್ತಿದ್ದಳು. ಮುಂದಿನಿಂದ ಹಿಂದಕ್ಕೆ, ಆಮೇಲೆ ಅಡ್ಡಕ್ಕೆ. ಹರಕೆ ಇರಬೇಕು ಅಂತ ಇಮಾಮ್ ಕೈ ಮುಗಿದ. ಆಕೆ ಅಳತೆ ತೆಗೆದುಕೊಂಡು ಹೋಗಿ, ತನಗೆ ಬುಟ್ಟಿ ಹೆಣೆದುಕೊಡುವ ಮೇದರ ಮನೆಯವರಿಂದ ಬಿದಿರಿನ ಬಸ್ಸು ಮಾಡಿಸಿದಳು.

ಹೌದು, ಬಿದಿರಿನ ಬಸ್ಸು. ನಮ್ಮ ಬಸ್ಸಿನಷ್ಟೇ ಉದ್ದ, ಅಷ್ಟೇ ಅಗಲ. ತಳ ಇಲ್ಲ. ಒಳಗೆ ಜನ ನಿಂತು ಎತ್ತಿಕೊಂಡು ನಡೆಯಬೇಕು. ಮುಂದೆ ಎರಡು ಹಿತ್ತಾಳೆ ತಟ್ಟೆ ಕಟ್ಟಿ ದೀಪ ಮಾಡಿದ್ದರು. ಪಕ್ಕಕ್ಕೆ ಹಳೆಯ ಸೀರೆ. ಹಣೆಗೆ “ಬೋರನಕುಂಟೆ – ಮಧುಗಿರಿ” ಅಂತ ಹಲಗೆ.

ಆಗ ಟೇಪಿನ ಸಾಹೇಬರು ಬಂದಿದ್ದರು. ಕಣ್ಣಿಗೆ ಕಂಡದ್ದನ್ನೆಲ್ಲ ಅಳೆಯುವವರು, ಒಮ್ಮೆ ನನ್ನ ಮೀಸೆಗೂ ಟೇಪು ಹಿಡಿದಿದ್ದರು. ನಾನೂ ಇಮಾಮೂ ಅವರನ್ನು ಬೋರನಕುಂಟೆಗೆ ಕರೆದೊಯ್ದೆವು, ಬಿದಿರಿನ ಬಸ್ಸು ನೋಡಿ ಅವರಿಗೆ ಬಹಳ ಸಂತೋಷವಾಯಿತು. “ಹೂವಿನವರ ಮೊಳ ಯಾವಾಗಲೂ ಗಿಡ್ಡ, ನಂಬಬಾರದು” ಅನ್ನುತ್ತಾ ಟೇಪು ಹಿಡಿದರು. ಅಳತೆ ಸರಿಯಾಗಿತ್ತು. ಒಂದು ಗೇಣು ಹೆಚ್ಚೇ ಇತ್ತು.

ಹೂವಕ್ಕ ತಲೆ ತಗ್ಗಿಸಿ, “ಗಿರಾಕಿಗೆ ಹಾಕೋ ಮೊಳ ಬ್ಯಾರೆ, ನಮಗೆ ನಾವು ಹಾಕ್ಕಳ್ಳೋ ಮೊಳ ಬ್ಯಾರೆ ಸಾಮಿ” ಅಂದಳು.

ಬಿದಿರಿನ ಬಸ್ಸು ಹೊರಟಿತು. ಮುಂದೆ ಸ್ಟಿಯರಿಂಗ್ ಅಂತ ಮೊರ ಹಿಡಿದವರು ತಿಮ್ಮೇಗೌಡರು. ತಿಪ್ಪೆ ಕೊಟ್ಟ ತ್ಯಾಗಕ್ಕೆ ಅವರನ್ನು ಡ್ರೈವರ್ ಮಾಡಿದ್ದರು. ಬಾಯಲ್ಲೇ “ಡುರ್ರ್” ಅನ್ನುತ್ತಿದ್ದರು. ಇಮಾಮ್ ಅಭ್ಯಾಸಬಲದಿಂದ ಹಿಂದೆ ಹೋಗಿ ನಿಂತು ವಿಷಲ್ ಬಾಯಿಗಿಟ್ಟ. ಒಳಗಿದ್ದ ಒಬ್ಬ ಮುದುಕ, “ಲೇ ಗೌಡ, ಒಂದ್ನಿಮಿಷ ನಿಲ್ಸ್ಲಾ, ಒಂದಕ್ಕೆ ಹೋಗ್ಬೇಕು” ಅಂದ.

“ಇಲ್ಲಿ ಸ್ಟಾಪಿಲ್ಲ, ಮುಚ್ಕಂಡು ನಡಿಯಪ್ಪ!” ಅಂತ ಗೌಡರು ತಿರುಗಿ ನೋಡದೆ ಅಂದರು. ಪದವಿ ಸಿಕ್ಕಿದ ಕ್ಷಣದಲ್ಲಿ ಮನುಷ್ಯ ಹೇಗೆ ಬದಲಾಗುತ್ತಾನೆ ನೋಡಿ.

ಬಸ್ಸು ಹಿಂದಕ್ಕೆ ಬಂತು, ಇಮಾಮ್ ಊದಿದ, ನಿಂತಿತು. ಮುಂದಕ್ಕೆ ಹೊರಳಿತು. ಸಲೀಸಾಗಿ ತಿರುಗಿ ಬಂದ ದಾರಿಗೆ ಮುಖ ಮಾಡಿ ನಿಂತಿತು. ಊರೆಲ್ಲ ಕೇಕೆ ಹಾಕಿತು. ಹೂವಕ್ಕ ಬಿಟ್ಟ ಕಣ್ಣು ಬಿಟ್ಟ ಹಾಗೇ ನನ್ನನ್ನೇ ನೋಡುತ್ತಿದ್ದಳು. ಟೇಪಿನ ಸಾಹೇಬರು ನನ್ನ ಕಡೆ ತಿರುಗಿದರು. “ಏನ್ರೀ, ತಿರುಗ್ತಲ್ಲ?”

ಆ ಹೊತ್ತಿಗೆ ನನಗೆ ಆಕೆಯ ನಗುವಿನ ಸಿಟ್ಟು ಇರಲಿಲ್ಲ. ಇಷ್ಟು ಸಲ ಆಗಲ್ಲ ಅಂದವನು ಈಗ ಆಗುತ್ತದೆ ಅಂದರೆ ಹಿಂದಿನದೆಲ್ಲ ಸುಳ್ಳು ಅಂತ ಆಗುತ್ತದಲ್ಲ, ಆ ಭಯ. ಒಂದು ಸುಳ್ಳಿಗೆ ಕೂಲಿ ಮಾಡಲು ಸೇರಿದವನಿಗೆ ಸಂಜೆ ಅನ್ನುವುದೇ ಇಲ್ಲ.

“ಸಾರ್, ತಿರುಗುವಾಗ ನಡು ಬಾಗಿದ್ದು ನೋಡಿದ್ರಾ? ಬಿದಿರು ಬಾಗ್ತದೆ. ಕಬ್ಬಿಣ ಬಾಗಲ್ಲ. ತಿರುಗಲ್ಲ ಸಾರ್.”

ಸಾಹೇಬರು ಟೇಪು ಸುತ್ತಿಕೊಂಡರು. “ಇದು ಅನುಭವ ಅಂದ್ರೆ” ಅಂತ ನನ್ನ ಬೆನ್ನು ತಟ್ಟಿದರು. ಬಿದಿರಿನ ಬಸ್ಸನ್ನು ಊರವರು ಆಮೇಲೆ ಕೋಳಿ ಕೂಡಿಹಾಕಲು ಇಟ್ಟುಕೊಂಡರು ಅಂತ ಕೇಳಿದೆ.

ಆಕೆ ಅಷ್ಟಕ್ಕೆ ಬಿಡಲಿಲ್ಲ. ಬಾಗದೆ ಇರುವುದು ಬೇಕು, ಬಸ್ಸಿಗಿಂತ ದಪ್ಪನೆಯದು ಬೇಕು. ನಮ್ಮ ಕಡೆ ಬಸ್ಸು ಬರದ ಊರಿಗೂ ಬರುವ ಒಂದು ಗಾಡಿ ಅಂದರೆ ಬೋರ್‌ವೆಲ್ ಲಾರಿ. ಪಕ್ಕದ ಊರಿನಲ್ಲಿ ಬೋರ್ ಕೊರೆಯಲು ಬಂದಿದ್ದವರನ್ನು ಆಕೆ ಕಾಡಿ ಬೇಡಿ, “ಏನೂ ಕೊರೀಬೇಡ್ರಪ್ಪ, ಬಂದು ಒಂದು ಸಲ ತಿರುಗಿ ಹೋಗ್ರಿ, ಸಾಕು” ಅಂತ ಕರೆತಂದಳು. ಲಾರಿ ಬಂತು, ತಿರುಗಿತು. ನನ್ನ ಸುಳ್ಳಿಗೆ ಇನ್ನು ಎಲ್ಲೂ ಜಾಗ ಉಳಿಯಲಿಲ್ಲ.

ಆದರೆ ದೇವರು ನನ್ನ ಕಡೆ ಇದ್ದನೋ, ಆಕೆಯ ಕಡೆ ಇದ್ದನೋ, ಇಂದಿಗೂ ತಿಳಿದಿಲ್ಲ. ಬಂದ ಲಾರಿಯನ್ನು ಬರಿದೇ ಕಳಿಸುವುದು ಬೇಡ ಅಂತ ಪಂಚಾಯಿತಿಯವರು ಅಲ್ಲೇ, ಆ ಬಯಲಿನ ನಟ್ಟನಡುವೆ, ಕೊರೆಸಿಬಿಟ್ಟರು. ಎಲ್ಲಿ ಕೊರೆದರೂ ಧೂಳು ಬರುವ ಸೀಮೆ ನಮ್ಮದು. ಅಲ್ಲಿ ನೀರು ಚಿಮ್ಮಿತು. ಊರು ಕುಣಿಯಿತು. ಬಯಲಿನ ಮಧ್ಯಕ್ಕೆ ಮೋಟಾರು, ಅದರ ಪಕ್ಕ ಒಂದು ಸಿಮೆಂಟಿನ ನೀರಿನ ಟ್ಯಾಂಕ್ ಎದ್ದು ನಿಂತಿತು. ಹೂವಕ್ಕ ಬಿಂದಿಗೆ ಹಿಡಿದು ಒಬ್ಬಳೇ ಅಳುತ್ತಿದ್ದಳಂತೆ. ನೀರು ಬಂದದ್ದಕ್ಕೆ ಸಂತೋಷವೋ, ಬಸ್ಸು ಹೋದದ್ದಕ್ಕೆ ದುಃಖವೋ ಅಂತ ಕೇಳಿದರೆ, “ಎರಡ್ಕೂ ಕಣ್ರಮ್ಮ” ಅಂದಳಂತೆ.

ಮುಂದಿನ ಸಲ ಕೇಳಿದಾಗ ನಾನು “ತಿರುಗಲ್ಲ ಸಾರ್” ಅಂದದ್ದು ನಿಜವಾಗಿತ್ತು. ಆ ಊರಿನ ಬಗ್ಗೆ ನಾನು ಹೇಳಿದ ಮೊದಲ ಸತ್ಯ ಅಂತ ಆಗ ನಂಬಿದ್ದೆ.

ನನ್ನ ಸರ್ವೀಸಿನ ಕೊನೆಯ ವರ್ಷ ಹೊಸ ಮ್ಯಾನೇಜರ್ ಆಗಿ ಒಬ್ಬ ಮೇಡಂ ಬಂದರು. ಹೂವಕ್ಕ ಅವರ ಮುಂದೆಯೂ ಹೋಗಿ ನಿಂತಳು. ಅಷ್ಟು ಹೊತ್ತಿಗೆ ಡಿಪೋದ ಕಾವಲುಗಾರರು ಆಕೆಗೆ ಕುರ್ಚಿ ಹಾಕುತ್ತಿದ್ದರು. ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಸ ಡ್ರೈವರ್ ಒಬ್ಬನ ಕೈಗೆ ಬಸ್ಸು ಕೊಟ್ಟು ಹೊರಟರು. ಊರ ಬಯಲಿಗೆ ಬಂದೊಡನೆ ಆ ಡ್ರೈವರ್ ಯಾರನ್ನೂ ಕೇಳಲಿಲ್ಲ. ರಿವರ್ಸ್ ಗೇರ್ ಮುಟ್ಟಲೂ ಇಲ್ಲ. ತಿಪ್ಪೆ ಇದ್ದ ಕಡೆಯಿಂದ ನುಗ್ಗಿ, ಬಣವೆ ಇದ್ದ ಜಾಗ, ಕಲ್ಲುಬಾನಿ ಇದ್ದ ಜಾಗ, ಹೂವಕ್ಕನ ಹಿತ್ತಿಲು ಇದ್ದ ಜಾಗ ಎಲ್ಲ ಹಾದು, ನೀರಿನ ಟ್ಯಾಂಕಿಗೆ ಒಂದು ಪ್ರದಕ್ಷಿಣೆ ಹಾಕಿ ಈಚೆಗೆ ಬಂದ. ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು. ನಾನು ಒಂದೊಂದು ಸುಳ್ಳು ಹೇಳಿದಾಗಲೂ ಆಕೆ ಒಂದೊಂದು ತುಂಡು ದಾರಿ ಮಾಡಿಟ್ಟಿದ್ದಳು.

“ಹನುಮಂತಪ್ಪ ಅವರೇ, ಏನಂತೀರಿ?” ಅಂದರು ಮೇಡಂ.

“ತಿರುಗ್ತದೆ ಮೇಡಂ” ಅಂದೆ. ನಾಲಿಗೆಗೆ ಆ ಮಾತಿನ ಅಭ್ಯಾಸವೇ ಇರಲಿಲ್ಲ, ತೊದಲಿತು.

ಬಸ್ಸು ಶುರುವಾದ ದಿನ ಊರಿನವರು ಹಟ ಹಿಡಿದು ನನ್ನನ್ನು ಕರೆಸಿದರು. ಹೋಗಬಾರದಿತ್ತು. ಶಾಮಿಯಾನ, ಮೈಕು, ಕುರ್ಚಿ. ಹೂವಕ್ಕನೇ ಬಂದು ನನಗೆ ಶಾಲು ಹೊದಿಸಿದಳು. ಮೈಸೂರು ಪೇಟ ಇಟ್ಟರು. ನನ್ನ ತಲೆಗೆ ದೊಡ್ಡದು, ಕಣ್ಣಿಗೆ ಇಳಿಯಿತು. ಕತ್ತಲಲ್ಲಿ ಕೂತು ಆಕೆಯ ಭಾಷಣ ಕೇಳಿದೆ.

“ಬ್ಯಾರೆ ಡ್ರೈವರ್ರಾಗಿದ್ರೆ ಆಗಲ್ಲ ಅಂತ ಒಂದೇ ಮಾತಂದು ಹೊಂಟೋಗೋರು. ಈ ಯಪ್ಪ ಬಂದಾಗೆಲ್ಲ ಒಂದೊಂದು ಅಡ್ಡ ತೋರ್ಸಿಕೊಟ್ರು. ತಿಪ್ಪೆ ಅಂದ್ರು, ಬಣವೆ ಅಂದ್ರು, ಗೋಡೆ ಅಂದ್ರು. ಇವ್ರು ತೋರಿಸ್ದೆ ಇದ್ರೆ ನಮ್ಗೆ ತಿಳೀತಿತ್ತಾ? ಇವತ್ತು ಊರಿಗೆ ಬಸ್ಸೂ ಬಂತು, ನೀರೂ ಬಂತು. ಇವ್ರ ಹೊಟ್ಟೆ ತಣ್ಣಗಿರ್ಲಿ.”

ಇಮಾಮ್ ಮುಂದಿನ ಸಾಲಿನಲ್ಲಿ ಟವಲಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದ.

ಮೈಕು ನನ್ನ ಕೈಗೆ ಬಂತು. ಈಗ ಹೇಳಿಬಿಡಬೇಕು ಅಂತ ಎದ್ದೆ. ಪೇಟ ಸರಿಸಿ ನೋಡಿದರೆ ಊರೆಲ್ಲ ನನ್ನನ್ನು ದೇವರ ಹಾಗೆ ನೋಡುತ್ತಿದೆ. ಬಾಯಿ ಬಿಟ್ಟೆ. ಹೊರಬಂದದ್ದು ಇದು: “ಜೀವನದಲ್ಲಿ ಅಡೆತಡೆ ಬರ್ತವೆ. ತಾಳ್ಮೆ ಇರ್ಬೇಕು. ಗುರಿ ಬಿಡಬಾರ್ದು.”

ಆ ತಾಯಿಗೆ ನಾನು ತಾಳ್ಮೆಯ ಪಾಠ ಹೇಳಿದೆ. ಚಪ್ಪಾಳೆ ಬಿತ್ತು. ತಿಪ್ಪೆಗುಂಡಿಗೆ ಬಿದ್ದದ್ದು ಅದಕ್ಕಿಂತ ಎಷ್ಟೋ ಮರ್ಯಾದೆಯ ಕೆಲಸ.

ನಿವೃತ್ತನಾದ ಮೇಲೆ ತಪ್ಪೊಪ್ಪಿಕೊಳ್ಳಲು ಎಷ್ಟೋ ಸಲ ಆ ಬಸ್ಸು ಹತ್ತಿದ್ದೇನೆ. ಊರಿಗೆ ಹೋಗಿ ಇಳಿದು, ಆಕೆಯ ಜಗುಲಿಯಲ್ಲಿ ಕೂತು ಹೇಳಬೇಕು ಅಂತ. ಬಸ್ಸು ಬಯಲಿಗೆ ಬರುತ್ತದೆ, ನಾನು ಚಪ್ಪಲಿ ಹುಡುಕಿ ಏಳುವಷ್ಟರಲ್ಲಿ ಟ್ಯಾಂಕು ಸುತ್ತಿ ಹೊರಟೇಬಿಟ್ಟಿರುತ್ತದೆ. ಅಷ್ಟು ಬೇಗ ತಿರುಗುತ್ತದೆ ಆ ಊರಿನಲ್ಲಿ ಬಸ್ಸು. ಪ್ರತಿ ಸಲವೂ ಕೂತ ಸೀಟಿನಲ್ಲೇ ವಾಪಸ್ ಬಂದಿದ್ದೇನೆ. ಕಂಡಕ್ಟರ್‌ಗಳು ಇವನಿಗೆ ಸುತ್ತಾಡುವ ಚಟ ಅಂದುಕೊಂಡಿದ್ದಾರೆ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಆಕೆಯೇ ಬುಟ್ಟಿಯೊಂದಿಗೆ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ನಾನು ಎದ್ದು ಹೋಗಿ ಆಕೆಯ ಹಿಂದಿನ ಸೀಟಿನಲ್ಲಿ ಕೂತೆ. ಬಹಳ ಹೊತ್ತು ಆಕೆಯ ತುರುಬು ನೋಡಿದೆ. ಕೊನೆಗೆ, “ಅಕ್ಕಾ” ಅಂದೆ.

ಆಕೆ ತಿರುಗಲಿಲ್ಲ. “ಯಾರಪ್ಪ ಅದು? ನಮ್ಮ ಡ್ರೈವರಣ್ಣನ ದನಿ ಇದ್ದಂಗೈತೆ.”

“ಹೌದಕ್ಕ. ಬಾಗ್ಲ ಪಕ್ಕ ಜಾಗ ಸಿಕ್ತಾ?”

“ಸಿಕ್ತು ಕಣಣ್ಣ. ಬಸ್ಸು ಬಂದ ಮಾರನೇ ದಿನಾನೇ ಸಿಕ್ತು. ಈಗ ಅಲ್ಲಿ ನನ್ ಸೊಸೆ ಕೂತ್ಕತಾಳೆ. ನಾನು ಮೊದ್ಲಿನಂಗೇ ಚಪ್ಲಿ ತಾವ.”

“ಯಾಕಕ್ಕ?”

“ಬಾಗ್ಲ ಪಕ್ಕ ಕೂತ್ರೆ ಎಡಕ್ಕೂ ಬಲಕ್ಕೂ ತಿರುಗಿ ಜನಾನ ಕೂಗ್ಬೇಕು. ಚಪ್ಲಿ ತಾವ ಆದ್ರೆ ಎಲ್ಲಾರೂ ಎದುರ್ಗೇ ಬತ್ತಾರೆ. ತಲೆ ಮೇಲೆ ಹೊತ್ತು ಹೊತ್ತು ಕುತ್ತಿಗೆ ಮೂಳೆ ಸವೆದೋಗೈತೆ ಅಂದ್ರು ಡಾಕ್ಟ್ರು. ತಿರುಗಲ್ಲ ಕಣಣ್ಣ.” ಆಮೇಲೆ, ಅವತ್ತು ತಿಪ್ಪೆಯ ಹತ್ತಿರ ನಕ್ಕ ಹಾಗೆಯೇ, ಬಾಯ್ತುಂಬ ನಕ್ಕಳು. “ಈಗ ನಾನೂ ನಿನ್ ಬಸ್ಸಿನಂಗೇ. ಹಿಂದೆ ನೋಡ್ಬೇಕಂದ್ರೆ ಇಡೀ ಮೈಯೇ ತಿರುಗಿಸ್ಬೇಕು. ನಗು ಬರಲ್ವೇನಪ್ಪ?”

ನಾನು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ತಂಗಿಯ ಮಗನೇ, ಮುಖ್ಯವಾದ ಮಾತು ಇಷ್ಟೇ. ಬಸ್ಸು ತಿರುಗುತ್ತದೆಯೇ ಅಂತ ನಿನ್ನನ್ನು ಯಾರಾದರೂ ಕೇಳಿದರೆ, ಮೊದಲು ಇಳಿದು ಹೋಗಿ ನೋಡು, ಆಮೇಲೆ ಬಾಯಿ ಬಿಡು. ಆ ರೂಟಿಗೆ ನಿನ್ನನ್ನೇ ಹಾಕಿದರೆ, ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬಾಕೆ ಕೂತಿರುತ್ತಾಳೆ. ಹಿಂದಿನಿಂದ ಕರೆಯಬೇಡ, ನಾನು ಮಾಡಿದ ಹಾಗೆ. ಎದುರಿಗೆ ಹೋಗಿ ನಿಂತು ಮಾತಾಡಿಸು. ಊರಿನವರು ಹೂವಕ್ಕ ಅನ್ನುತ್ತಾರೆ. ನೀನು ಹೆಸರು ಹಿಡಿದೇ ಕರಿ. ಚಿಕ್ಕರಂಗಮ್ಮ.